ಶೇಗಡಿಯಲ್ಲಿ ಕಂಡ ನೀಲಿ ಉರಿ

2023ರ ಮಾರ್ಚ್ ತಿಂಗಳು. ಟಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಇನ್ನು ಒಂದೆರಡು ವರ್ಷವಷ್ಟೇ ಉಳಿದಿತ್ತು. ವರ್ಷವನ್ನು ಹೀಗೆ ಖಚಿತವಾಗಿ ಬರೆದೆನಾದರೂ, ಅದು 2022 ಎಂದು ನನ್ನ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದುವಾಗ ನನಗೆ ಅಂಟಿಕೊಂಡ ಒಂದು ಗುಣವೆಂದರೆ ಅಳತೆಗೆ ಸಿಗದ ಯಾವುದನ್ನೂ ನಂಬದಿರುವುದು. ವಯಸ್ಸಾದಂತೆ ಆ ಗುಣ ನನ್ನ ಕಡೆಗೇ ತಿರುಗಿದೆ. ನನ್ನ ನೆನಪನ್ನು ನಾನು ಸಾಕ್ಷಿಯಾಗಿ ಒಪ್ಪುವುದಿಲ್ಲ. ಆದ್ದರಿಂದ ಇಲ್ಲಿ ಖಚಿತವಿದ್ದಲ್ಲಿ ಖಚಿತ ಎಂದೂ, ಇಲ್ಲದಲ್ಲಿ ಇಲ್ಲ ಎಂದೂ ಹೇಳುತ್ತ ಹೋಗುತ್ತೇನೆ. ಮಳೆ ಬಂದದ್ದು ಖಚಿತ. ಕೂಲಿಯ ಹೆಂಗಸು ಸುವರ್ಣಾ ಎಚ್ಚರ ತಪ್ಪಿ ಬಿದ್ದದ್ದು ಖಚಿತ. ಅವಳ ಜೊತೆ ಕೆಲಸ ಮಾಡುತ್ತಿದ್ದ ಮಹಾದೇವಿಯ ಮೇಲೆ ತಪ್ಪು ಬಂದದ್ದೂ ಖಚಿತ.

ಆ ಭಾಗದಲ್ಲಿ ಮಾರ್ಚ್ ಎಂದರೆ ಪರೀಕ್ಷೆ ಮತ್ತು ಒಣದ್ರಾಕ್ಷಿ ಎರಡೂ ಕೂಡಿ ಬರುವ ತಿಂಗಳು. ಒಣದ್ರಾಕ್ಷಿಗೆ ಅಲ್ಲಿಯವರು ಮಣೂಕ ಎನ್ನುತ್ತಾರೆ. ಕೊಯ್ದ ದ್ರಾಕ್ಷಿಯನ್ನು ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಒಂದರ ಮೇಲೊಂದು ಬಿಗಿದ ಬಲೆಗಳ ಮೇಲೆ ಹರಡುತ್ತಾರೆ. ಶೆಡ್ಡಿಗೆ ಮೇಲೆ ತಗಡು ಇರುತ್ತದೆ, ಸುತ್ತ ಗೋಡೆ ಇರುವುದಿಲ್ಲ. ಗಾಳಿ ಆಡುತ್ತಲೇ ಹಣ್ಣು ಎರಡು ವಾರದಲ್ಲಿ ಒಣಗುತ್ತದೆ. ಕೊನೆಗೆ ಅದಕ್ಕೆ ಹೊಂಬಣ್ಣ ಬರಲೆಂದು ಪಕ್ಕದ ಚಿಕ್ಕ ಕೋಣೆಯಲ್ಲಿಟ್ಟು, ಬಾಗಿಲು ಮುಚ್ಚಿ, ಗಂಧಕದ ಹೊಗೆ ಕೊಡುತ್ತಾರೆ. ಹಳದಿ ಗಂಧಕ ಬಿಸಿ ತಾಗಿದೊಡನೆ ಕರಗಿ ಕೆಂಪು ಪಾಕದಂತಾಗುತ್ತದೆ. ಆಮೇಲೆ ನೀಲಿ ಬಣ್ಣದಲ್ಲಿ ಉರಿಯುತ್ತದೆ. ಆ ಊರಿನಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಮನೆಯ ಒಲೆಯ ನೀಲಿ ಗ್ಯಾಸಿನದು, ಶೆಡ್ಡಿನ ನೀಲಿ ಗಂಧಕದ್ದು.

ಅವತ್ತು ಎಂಟನೇ ತರಗತಿಗೆ ದಹನ ಮತ್ತು ಜ್ವಾಲೆಯ ಪಾಠವನ್ನು ಪರೀಕ್ಷೆಗಾಗಿ ಮತ್ತೊಮ್ಮೆ ಹೇಳುತ್ತಿದ್ದೆ. ಮೇಜಿನ ಮೇಲೆ ಮೇಣದಬತ್ತಿ ಉರಿಯುತ್ತಿತ್ತು. ಉರಿಯಲು ಇಂಧನ ಬೇಕು, ಗಾಳಿಯಲ್ಲಿನ ಆಮ್ಲಜನಕ ಬೇಕು, ಹೊತ್ತಿಕೊಳ್ಳುವಷ್ಟು ಉಷ್ಣತೆ ಬೇಕು. ಈ ಮೂರರಲ್ಲಿ ಒಂದನ್ನು ತೆಗೆದರೂ ಬೆಂಕಿ ಆರುತ್ತದೆ. ಇಷ್ಟು ಹೇಳಿ, ‘ಮೇಣದ ಉರಿ ಹಳದಿ. ನೀಲಿಯಾಗಿ ಉರಿಯೋದು ಯಾವುದು?’ ಎಂದು ಕೇಳಿದೆ.

‘ಗ್ಯಾಸ್ ರೀ’ ಎಂದು ನಾಲ್ಕಾರು ಮಂದಿ ಕೂಗಿದರು.

‘ಇನ್ನೊಂದು?’

ಎರಡನೆಯ ಸಾಲಿನ ರೇಣುಕಾ ಎದ್ದು ನಿಂತು, ‘ಗಂಧಕ ರೀ ಸರ್’ ಎಂದಳು. ಚುರುಕಿನ ಹುಡುಗಿ. ಹಿಂದಿನಿಂದ ಒಂದು ದನಿ ಬಂತು: ‘ಆಕಿಗಿ ಗೊತ್ತಿರದ ಯಾರಿಗಿ ಗೊತ್ತಿರತೈತ್ರಿ? ಅವರವ್ವ ಶೇಗಡ್ಯಾಗ ಗಂಧಕ ಹಾಕಿ ಸುವರ್ಣಕ್ಕನ್ನ ಕೆಡವ್ಯಾಳ.’

ರೇಣುಕಾ ಅಳಲಿಲ್ಲ. ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ನನ್ನನ್ನು ಕೇಳದೆ ಹೊರಗೆ ಹೋದಳು.

ಮಾತಾಡಿದ ಹುಡುಗನನ್ನು ಬೈದು, ಊಟದ ಬಿಡುವಿನಲ್ಲಿ ಅವಳ ಮನೆಗೆ ಹೋದೆ. ತಾಯಿ ಮಹಾದೇವಿಯ ಪರಿಚಯ ನನಗಿತ್ತು. ಮಣೂಕ ಆರಿಸುವ ಹೆಂಗಸರ ಒಂದು ಗುಂಪಿಗೆ ಆಕೆ ಮುಂದಾಳು. ಶೆಡ್ಡಿನಲ್ಲಿ ಗಂಧಕ ಹೊತ್ತಿಸುವ ಕೆಲಸವನ್ನು ಬೇರೆ ಯಾರಿಗೂ ಬಿಡದೆ ತಾನೇ ಮಾಡುತ್ತಿದ್ದಳು. ಪಾಲಕರ ಸಭೆಗೆ ಬಂದರೆ ಮುಂದಿನ ಸಾಲಿನಲ್ಲಿ ಕುಳಿತು ನನಗೇ ಪ್ರಶ್ನೆ ಹಾಕುತ್ತಿದ್ದ ಹೆಂಗಸು. ಅವತ್ತು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮುಖ ತೊಳೆಯದವರಂತೆ ಕುಳಿತಿದ್ದಳು. ನಡೆದದ್ದನ್ನು ಆಕೆಯ ಬಾಯಿಂದಲೇ ಕೇಳಿದೆ.

ಎರಡು ದಿನಗಳ ಹಿಂದೆ ಅಕಾಲದ ಮಳೆ ಬಂದಿತ್ತು. ಅಪ್ಪಾಸಾಹೇಬ ಎಂಬುವರ ಶೆಡ್ಡಿನಲ್ಲಿ ಬಲೆ ತುಂಬ ಅರೆ ಒಣಗಿದ ದ್ರಾಕ್ಷಿ. ತೇವ ಹಿಡಿದರೆ ಅದು ಕಪ್ಪಾಗಿ ಬೂಸ್ಟು ಬರುತ್ತದೆ. ಮಳೆ ಒಳಗೆ ಬಾರದಂತೆ ನಾಲ್ಕೂ ಬದಿಗೆ ತಾಡಪಾಲು ಇಳಿಬಿಟ್ಟರು. ಒಳಗೆ ಬಿಸಿ ಇರಲೆಂದು ಕಬ್ಬಿಣದ ಶೇಗಡಿಗಳಲ್ಲಿ, ಅಂದರೆ ಅಗ್ಗಿಷ್ಟಿಕೆಗಳಲ್ಲಿ, ಇದ್ದಿಲ ಕೆಂಡ ಇಟ್ಟರು. ಕರೆಂಟು ಹೋಗಿ ಒಳಗೆ ಕತ್ತಲೆಯಾಗಿತ್ತು. ಹೆಂಗಸರು ಮೊಬೈಲಿನ ಬೆಳಕಿನಲ್ಲಿ, ಮೊದಲೇ ಒಣಗಿದ್ದ ಮಣೂಕ ಆರಿಸುತ್ತ ಕುಳಿತರು. ಮೈಯಲ್ಲಿ ಚಳಿ ಎಂದು ಸುವರ್ಣಾ ಶೇಗಡಿಯ ಪಕ್ಕದಲ್ಲೇ ಕುಳಿತಳು. ಅವಳ ಅತ್ತೆ ಗಂಗವ್ವ ಎಲ್ಲರಿಗೂ ಚಹಾ ತರಲು ಮನೆಗೆ ಹೋದಳು. ತಿರುಗಿ ಬಂದು ತಾಡಪಾಲು ಎತ್ತಿದಾಗ ಸೊಸೆ ಮಣೂಕದ ರಾಶಿಯ ಮೇಲೆ ಒರಗಿ ಬಿದ್ದಿದ್ದಳು. ಇನ್ನಿಬ್ಬರು ತಲೆ ಹಿಡಿದುಕೊಂಡು ವಾಂತಿ ಮಾಡಿಕೊಳ್ಳುತ್ತಿದ್ದರು. ಆ ಕತ್ತಲಲ್ಲಿ ಗಂಗವ್ವ ಶೇಗಡಿಯ ಕೆಂಡದ ಮೇಲೆ ನೀಲಿ ಉರಿ ಕುಣಿಯುವುದನ್ನು ಕಂಡಳು. ಸುವರ್ಣಾಳನ್ನು ಜೀಪಿನಲ್ಲಿ ಹಾಕಿಕೊಂಡು ವಿಜಯಪುರದ ಆಸ್ಪತ್ರೆಗೆ ಓಡಿದರು. ಜೀವ ಉಳಿಯಿತು, ಎಚ್ಚರ ಮಾತ್ರ ಪೂರ್ತಿ ಬಂದಿರಲಿಲ್ಲ.

ನೀಲಿ ಉರಿ ಎಂದ ಮೇಲೆ ಊರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಅವತ್ತು ಬೆಳಿಗ್ಗೆ ಮಹಾದೇವಿ ಗಂಧಕದ ಕೋಣೆಗೆ ಕೆಂಡ ಒಯ್ದದ್ದು ಅದೇ ಶೇಗಡಿಯಿಂದ, ಒಂದು ಕಬ್ಬಿಣದ ಸವಟಿನಲ್ಲಿ, ಅಂದರೆ ಸೌಟಿನಲ್ಲಿ. ಸವಟಿಗೆ ಅಂಟಿದ ಗಂಧಕ ಶೇಗಡಿಗೆ ಬಿದ್ದಿದೆ, ಆ ಹೊಗೆಯೇ ಸುವರ್ಣಾಳನ್ನು ಕೆಡವಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು.

‘ನೀವು ಸವಟ ತೊಳದಿದ್ರೇನು?’ ಎಂದು ಕೇಳಿದೆ.

‘ಗಂಧಕದ ಸವಟ ಬ್ಯಾರೇನ ಐತ್ರಿ ಸರ್. ಅದನ್ನ ನಾ ಕೆಂಡಕ್ಕ ಹಚ್ಚಾಂಗಿಲ್ಲ.’ ಆಮೇಲೆ ದನಿ ತಗ್ಗಿಸಿದಳು. ‘ಮದಲನೇ ದಿನಾ ಹಿಂಗ ಗಟ್ಟಿಯಾಗಿ ಹೇಳತಿದ್ನಿ. ಮಂದಿ ಅಂದು ಅಂದು, ಈಗ ನನಗೂ ಆ ಸವಟ ಹಳದಿ ಕಾಣಾಕತ್ತೈತ್ರಿ. ಕಣ್ಣ ಮುಚ್ಚಿದ್ರ ಹಳದಿ ಪುಡಿ ಉದುರಿದಂಗ ಆಗತೈತಿ. ನಾನ ಹಾಕಿದ್ನೋ ಏನೋ.’

ನೆನಪು ಹೇಗೆ ಹಾಳಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ.

‘ನಾಳಿ ಹಿರೇರು ಕೂಡತಾರ್ರಿ. ಗಂಗವ್ವನ ಕಾಲಿಗಿ ಬಿದ್ದು, ನಂದ ತಪ್ಪು ಅಂತ ಹೇಳಿಬಿಡತೇನಿ. ಮಗಳಿಗಿ ಸಾಲ್ಯಾಗ ಕಾಟ ತಪ್ಪತೈತಿ.’

‘ಶೆಡ್ಡಿನಾಗ ಅವತ್ತ ಯಾರಿಗರೆ ಕೆಮ್ಮು ಬಂತಾ? ಕಣ್ಣ ಉರದವಾ?’

‘ಇಲ್ಲರಿ. ಹೊಗಿನ ಇದ್ದಿಲ್ಲ. ಶೇಗಡಿ ಹೊರಗ ಇಟ್ಟು, ಹೊಗಿ ಎಲ್ಲಾ ಹೋಗಿ ಕೆಂಡ ಕೆಂಪಗ ನಿಗಿನಿಗಿ ಆದ ಮ್ಯಾಲ ಒಳಗ ಒಯ್ಯತೇವ್ರಿ. ಅಷ್ಟ ಖಬರಿಲ್ಲೇನ ನಮಗ?’

‘ಮತ್ತ ಏನಾತು?’

‘ತಲಿ ಭಾರ ಆತು. ನಿದ್ದಿ ಬಂದಂಗ ಆತು. ಮೋಡ ಕವದೈತಿ, ಅದಕ್ಕ ಇರಬೇಕು ಅಂದ್ಕೊಂಡ್ವಿ.’

ಇಲ್ಲಿ ವಿಷಯ ಸ್ವಲ್ಪ ವಿವರಿಸಬೇಕು. ಗಂಧಕ ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ಅನಿಲ ಕಣ್ಣು, ಗಂಟಲಿನ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಅದು ಯಾರನ್ನೂ ಮಂಪರಿಗೆ ಕೆಡವುವುದಿಲ್ಲ, ಕೆಮ್ಮಿಸಿ ಹೊರಗೆ ಓಡಿಸುತ್ತದೆ. ಒಂದು ಚಿಟಿಕೆ ಸಾಕು, ಕೋಣೆಯ ತುಂಬ ಎಲ್ಲರಿಗೂ ಗೊತ್ತಾಗುತ್ತದೆ. ಇದ್ದಿಲಿನ ಸ್ವಭಾವ ಬೇರೆ. ಕಟ್ಟಿಗೆ ಉರಿಯುವಾಗ ಅದರೊಳಗಿನ ಅನಿಲಗಳು ಹೊರಬಂದು ಹೊತ್ತಿಕೊಳ್ಳುವುದರಿಂದ ಜ್ವಾಲೆ ಕಾಣುತ್ತದೆ. ಜ್ವಾಲೆ ಎಂದರೆ ಉರಿಯುವ ಅನಿಲವೇ ಹೊರತು ಬೇರೇನಲ್ಲ. ಮೇಣದಬತ್ತಿಯಲ್ಲೂ ಉರಿಯುವುದು ಮೇಣದ ಆವಿ. ಇದ್ದಿಲಿನಲ್ಲಿ ಆ ಅನಿಲಗಳು ಮೊದಲೇ ಹೋಗಿ ಹೆಚ್ಚುಕಡಿಮೆ ಇಂಗಾಲವಷ್ಟೇ ಉಳಿದಿರುತ್ತದೆ. ಅದಕ್ಕೇ ಅದು ಜ್ವಾಲೆಯಿಲ್ಲದೆ ನಿಗಿನಿಗಿ ಎನ್ನುತ್ತದೆ, ಹೊಗೆಯೂ ಇಲ್ಲ. ಸಾಕಷ್ಟು ಗಾಳಿ ಸಿಕ್ಕರೆ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕೆಂಡದ ರಾಶಿಯ ಒಳಗೆ ಗಾಳಿ ಸಾಲದೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮನುಷ್ಯ ಉಸಿರಾಡುತ್ತಲೇ ಇರುತ್ತಾನೆ, ಮೆದುಳಿಗೆ ಮಾತ್ರ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆಭಾರ, ಆಮೇಲೆ ವಾಂತಿ, ಆಮೇಲೆ ನಿದ್ದೆಯಂಥ ಮಂಪರು.

ಇನ್ನು ನೀಲಿ ಉರಿ. ಕೆಂಡದ ಒಳಗಿನಿಂದ ಮೇಲೆ ಬರುವ ಈ ಕಾರ್ಬನ್ ಮೊನಾಕ್ಸೈಡ್ ಸಹ ಒಂದು ಇಂಧನ. ಬಿಸಿ ಇದ್ದು ಮೇಲೆ ಗಾಳಿ ಸಿಕ್ಕಿದರೆ ಅದು ಹೊತ್ತಿಕೊಳ್ಳುತ್ತದೆ. ಅದರ ಜ್ವಾಲೆಯ ಬಣ್ಣ ನೀಲಿ. ಗಂಗವ್ವ ತಾಡಪಾಲು ಎತ್ತಿದಾಗ ಹೊಸ ಗಾಳಿ ಒಳಗೆ ನುಗ್ಗಿ ಆ ಅನಿಲ ಉರಿದಿರಬೇಕು. ಆಕೆ ಕಂಡದ್ದು ನಿಜ. ಮಣೂಕದ ಊರಿನವಳಾದ್ದರಿಂದ ಅದನ್ನು ಗಂಧಕ ಎಂದು ಓದಿಕೊಂಡಳು. ಬೇರೆ ಊರಿನಲ್ಲಾಗಿದ್ದರೆ ಈ ತಪ್ಪು ನಡೆಯುತ್ತಿರಲಿಲ್ಲ.

ಇದೆಲ್ಲ ನನಗೆ ಮಹಾದೇವಿಯ ಕಟ್ಟೆಯ ಮೇಲೆಯೇ ಹೊಳೆಯಿತೋ, ಬೈಕಿನ ಮೇಲೆ ಹಿಂತಿರುಗುವಾಗಲೋ ಈಗ ಹೇಳಲಾರೆ. ಆದರೆ ಒಂದು ಯೋಚನೆ ಬಂದು ಬೈಕು ನಿಲ್ಲಿಸಿದ್ದು ನೆನಪಿದೆ. ಮಹಾದೇವಿ ನಾಳೆ ತಪ್ಪೊಪ್ಪಿಕೊಂಡರೆ ಶೇಗಡಿ ನಿರಪರಾಧಿಯಾಗುತ್ತದೆ. ಮೋಡ ಇನ್ನೂ ಸರಿದಿರಲಿಲ್ಲ. ಗಂಧಕ ನಿಲ್ಲಿಸಿ ಕೆಂಡವನ್ನು ಮಾತ್ರ ಇಟ್ಟುಕೊಂಡು ಹೆಂಗಸರು ಮತ್ತೆ ಅದೇ ತಾಡಪಾಲಿನೊಳಗೆ ಕೂರುತ್ತಾರೆ.

ಶಾಲೆ ಬಿಟ್ಟ ಮೇಲೆ ಅಪ್ಪಾಸಾಹೇಬರ ಶೆಡ್ಡಿಗೆ ಹೋದೆ. ಆರಿಸುವ ಕೆಲಸ ನಿಂತಿತ್ತು. ಒಳಹೋಗಲು ತಾಡಪಾಲು ಎತ್ತಿ ಕಟ್ಟಿದ ಬಾಗಿಲಲ್ಲಿ ಶೇಗಡಿಗಳು ಸಾಲಾಗಿ ಕುಳಿತಿದ್ದವು. ಅಪ್ಪಾಸಾಹೇಬರು ಕೆಟ್ಟವರಲ್ಲ. ಆ ಎರಡು ದಿನ ಆಸ್ಪತ್ರೆಗೆ ಓಡಾಡಿದ್ದೂ ಅವರೇ. ನಾನು ವಿಷಯ ತೆಗೆದೊಡನೆ ಮುಖ ಗಟ್ಟಿಮಾಡಿದರು.

‘ಮಾಸ್ತರ್ರ, ನೀವು ಸಾಲ್ಯಾಗ ಕಲಸ್ರಿ, ನಮ್ಮ ಮಣೂಕ ನಮಗ ಬಿಡ್ರಿ. ನಮ್ಮಪ್ಪನ ಕಾಲದಿಂದ ಚಳಿಗಿ ಶೇಗಡಿ ಇಡತೇವಿ. ಯಾರ ಸತ್ತಾರ?’

‘ನಿಮ್ಮಪ್ಪನ ಕಾಲದಾಗ ಸುತ್ತ ತಾಡಪಾಲ ಇತ್ತೇನ್ರಿ?’

ಅವರು ತಾಡಪಾಲಿನ ಕಡೆ ನೋಡಿದರು. ನಾನು ಮತ್ತೆ ಕೇಳಿದೆ: ‘ಆ ಶೇಗಡಿ ಮ್ಯಾಲಿನ ಬಲಿಯೊಳಗಿನ ದ್ರಾಕ್ಷಿ ಏನರೆ ಹಳದಿ ತಿರುಗ್ಯಾವೇನ್ರಿ? ಗಂಧಕದ ಹೊಗಿ ಬಡದಿದ್ರ ತಿರಗಬೇಕಲ್ಲ.’

ಮಣೂಕದ ಬಣ್ಣದ ವಿಷಯದಲ್ಲಿ ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಎದ್ದು ಹೋಗಿ ಒಂದು ಹಿಡಿ ತಂದು ಅಂಗೈಯಲ್ಲಿ ಹರಡಿ ನೋಡಿದರು. ಕಂದು ಬಣ್ಣದವು, ಕೆಲವು ಕಪ್ಪು. ‘ಇಲ್ಲ’ ಎಂದರು. ಅಂಗೈ ಮುಚ್ಚಿ, ‘ಅಂದ್ರ ಕೆಂಡ ಇಡಸಿದವನು ನಾನು. ಸುವರ್ಣಾನ್ನ ನಾ ಕೆಡವಿದ್ನಿ ಅಂತ ಅಂತೀರೇನು?’ ಎಂದರು. ನಾನು ಒಬ್ಬಳನ್ನು ತಪ್ಪಿನಿಂದ ಬಿಡಿಸಲು ಹೋಗಿದ್ದೆ, ಅವರಿಗೆ ನಾನು ಇನ್ನೊಬ್ಬ ಅಪರಾಧಿಯನ್ನು ಹುಡುಕುವವನಂತೆ ಕಂಡೆ. ನಾನು ಬೈಕು ಹತ್ತಿದೆ.

ಸಂಜೆ ನನ್ನ ಮನೆಯಿರುವ ವಿಜಯಪುರಕ್ಕೆ ಬಂದವನೇ ಆಸ್ಪತ್ರೆಗೆ ಹೋದೆ. ವೈದ್ಯೆ ಸಣ್ಣ ವಯಸ್ಸಿನವರು, ತಾಳ್ಮೆಯಿಂದ ಕೇಳಿಸಿಕೊಂಡರು. ಕಾರ್ಬನ್ ಮೊನಾಕ್ಸೈಡ್ ಇರಬಹುದೆಂಬ ಸಂಶಯ ಅವರಿಗೂ ಬಂದಿತ್ತು. ‘ಆದರೆ ರಕ್ತ ತೆಗೆಯೋ ಹೊತ್ತಿಗೆ ಬಹಳ ಹೊತ್ತು ಆಕ್ಸಿಜನ್ ಕೊಟ್ಟಾಗಿತ್ತು. ಆಕ್ಸಿಜನ್ ಕೊಟ್ಟಷ್ಟೂ ಆ ಅನಿಲ ರಕ್ತದಿಂದ ಬಿಟ್ಟುಹೋಗುತ್ತೆ. ವರದಿಯಲ್ಲಿ ಸ್ವಲ್ಪ ಮಾತ್ರ ಬಂದಿದೆ. ನೂರಕ್ಕೆ ನೂರು ಇದೇ ಅಂತ ನಾನು ಹೇಳಲಾರೆ’ ಎಂದರು. ಪ್ರಾಮಾಣಿಕ ಉತ್ತರ. ನನಗೆ ಬೇಕಾಗಿದ್ದದ್ದು ಅದಲ್ಲ. ಸೊಲ್ಲಾಪುರ ರಸ್ತೆಯ ಒಂದು ಅಂಗಡಿಯಲ್ಲಿ ಹೊಸ ಇದ್ದಿಲ ಚೀಲ, ಅದರ ಪಕ್ಕದ ವರ್ಕ್‌ಶಾಪಿನಲ್ಲಿ ಒಂದು ಹೊಸ ಶೇಗಡಿ ಕೊಂಡು ಮನೆಗೆ ಬಂದೆ. ಹೆಂಡತಿ ಶೇಗಡಿಯನ್ನೂ ನನ್ನನ್ನೂ ನೋಡಿ, ‘ಗ್ಯಾಸ್ ಖರ್ಚಾಗಿಲ್ಲ, ಇನ್ನೂ ಐತಿ’ ಎಂದಳು. ನಗಬೇಕಾಗಿತ್ತು, ನಗು ಬರಲಿಲ್ಲ.

ಆ ರಾತ್ರಿ ನಿದ್ದೆ ಸರಿಯಾಗಲಿಲ್ಲ. ಕೆಂಡದ ಮೇಲಿನ ನೀಲಿ ಜ್ವಾಲೆಯನ್ನು ನಾನು ನಿಜವಾಗಿ ನೋಡಿದ್ದೇನೆಯೇ? ಪುಸ್ತಕದಲ್ಲಿ ಓದಿ, ವರ್ಷವರ್ಷ ಹೇಳಿ ಹೇಳಿ ನೋಡಿದ್ದೇನೆಂದು ತಿಳಿದಿದ್ದೇನೆಯೇ? ಬಾಲ್ಯದಲ್ಲಿ ಕಮ್ಮಾರನ ಕುಲುಮೆಯಲ್ಲಿ ಕಂಡ ಚಿತ್ರವೊಂದು ಇತ್ತು. ಅದು ನನ್ನದೋ, ಅಣ್ಣ ಹೇಳಿದ್ದೋ ತಿಳಿಯಲಿಲ್ಲ. ಮಹಾದೇವಿಯ ಹಳದಿ ಸವಟಿಗೂ ನನ್ನ ನೀಲಿ ಕುಲುಮೆಗೂ ಏನು ವ್ಯತ್ಯಾಸ? ಇರುವ ಒಂದೇ ದಾರಿಯೆಂದರೆ ಮಾಡಿ ನೋಡುವುದು.

ಮರುದಿನ ಹಿರಿಯರು ಕೂಡುವ ಮೊದಲೇ ಮಹಾದೇವಿಯನ್ನು ಕರೆದುಕೊಂಡು ಅಪ್ಪಾಸಾಹೇಬರ ಶೆಡ್ಡಿನ ಅಂಗಳಕ್ಕೆ ಹೋದೆ. ಅವತ್ತು ಕೆಲಸ ಮತ್ತೆ ಶುರುವಾಗುವುದಿತ್ತು. ಹೆಂಗಸರು ಬುತ್ತಿ ಹಿಡಿದು ಬಂದು ನಿಂತಿದ್ದರು. ಬಾಗಿಲಲ್ಲಿ ಎರಡು ಶೇಗಡಿಗಳಿಗೆ ಆಗಲೇ ಕೆಂಡ ತುಂಬಿತ್ತು. ಗಂಗವ್ವನನ್ನೂ ಕರೆಸಿದೆ. ಎತ್ತರದ ಗಟ್ಟಿ ಹೆಂಗಸು. ಮೂರು ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಬೆಳಿಗ್ಗೆಯಷ್ಟೇ ಬಂದಿದ್ದಳು.

‘ಏನ್ ಆಟ ಹೂಡೀರಿ ಮಾಸ್ತರ್ರ? ನನ್ನ ಸೊಸಿ ಹಾಸಿಗ್ಯಾಗ ಅದಾಳ, ನೀವಿಲ್ಲಿ ಶೇಗಡಿ ಪೂಜಿ ಮಾಡಾಕತ್ತೀರಿ?’

‘ಗಂಗವ್ವಾರ, ನೀವು ಕಂಡದ್ದು ಖರೇ. ಅದನ್ನ ತೋರಸಾಕ ಬಂದೇನಿ. ಈ ಶೇಗಡಿ ಹೊಸದು, ಇದ್ದಲಿ ಹೊಸದು. ಮಹಾದೇವಿ ಇದನ್ನ ಮುಟ್ಟಿಲ್ಲ. ನೀವ ಹೊತ್ತಸ್ರಿ.’

ಆಕೆ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಕುಳಿತು ಹೊತ್ತಿಸಿದಳು. ಹೊಗೆ ಎದ್ದಿತು, ಕಡಿಮೆಯಾಯಿತು, ನಿಂತಿತು. ಕೆಂಡ ಕೆಂಪಾಯಿತು. ಎಲ್ಲರೂ ಬಗ್ಗಿ ನೋಡಿದರು. ನೀಲಿ ಎಲ್ಲಿಯೂ ಇಲ್ಲ.

ನಾನು ಬೀಸಣಿಗೆಯಿಂದ ಗಾಳಿ ಹಾಕಿದೆ. ಕೆಂಡ ಇನ್ನಷ್ಟು ಕೆಂಪಾಯಿತು. ನೀಲಿ ಇಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ‘ಮಾಸ್ತರ್ರ, ನೀಲಿ ಬರಾಂಗಿಲ್ಲ ಅಂತ ಕಾಣತೈತಿ, ಹಸರ ನಡೀತೈತೇನ್ರಿ?’ ಎಂದು ಒಬ್ಬಾಕೆ ಕೇಳಿದಳು. ಅಪ್ಪಾಸಾಹೇಬರು ಗಡಿಯಾರ ನೋಡಿಕೊಂಡರು. ಮಹಾದೇವಿಯ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಗಂಗವ್ವ ಎದ್ದು ನಿಂತು ಸೀರೆಯ ಬೂದಿ ಕೊಡವಿಕೊಂಡಳು. ‘ನಾ ನೋಡಿದ್ದು ತಾಡಪಾಲ ಒಳಗ, ಕತ್ತಲದಾಗ. ನೀವು ಬಯಲಾಗ ಇಟ್ಟು ಏನ ತೋರಸ್ತೀರಿ? ಆಟ ಆಡಿದ್ರ ಸರಿಯಾಗಿ ಆಡ್ರಿ.’

ಮೋಡ ಕವಿದಿದ್ದರೂ ಹಗಲು ಹಗಲೇ. ತೆಳು ನೀಲಿ ಜ್ವಾಲೆ ಅಷ್ಟು ಬೆಳಕಿನಲ್ಲಿ ಕಾಣುವುದಿಲ್ಲ. ಇದನ್ನು ನಾನು ಯೋಚಿಸಿರಲೇ ಇಲ್ಲ. ಒಂದು ದಪ್ಪ ತಾಡಪಾಲನ್ನು ನಾಲ್ವರು ಶೇಗಡಿಯ ಮೇಲೆ ಚಪ್ಪರದಂತೆ ಎತ್ತಿ ಹಿಡಿದರು. ಒಂದು ಬದಿ ಗಾಳಿಗೆ ಬಿಟ್ಟು, ಉಳಿದ ಬದಿಗಳಲ್ಲಿ ಹೆಂಗಸರು ಒತ್ತಾಗಿ ನಿಂತರು. ಒಳಗೆ ಮಬ್ಬಾಯಿತು. ಮೇಲೊಂದಿಷ್ಟು ಹೊಸ ಇದ್ದಿಲು ಹಾಕಿ ಕಾದೆವು. ಆಮೇಲೆ ಕೆಂಡಗಳ ಸಂದಿನಿಂದ ಒಂದು ನೀಲಿ ನಾಲಗೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಹಿಡಿತಕ್ಕೆ ಸಿಗದಂತೆ ಅಲ್ಲಿ ಆರಿ ಇಲ್ಲಿ ಏಳುತ್ತ ಕುಣಿಯತೊಡಗಿದವು.

‘ಇದ’ ಎಂದಳು ಗಂಗವ್ವ. ‘ಇದ ನೋಡ್ರಿ ನಾ ಕಂಡದ್ದು.’

‘ವಾಸನಿ ಬರತೈತೇನ್ರಿ?’

ಆಕೆ ಮೂಗು ಮುಂದೆ ಮಾಡಿದಳು. ‘ಇಲ್ಲ.’

ನಾನು ಮಹಾದೇವಿಯಿಂದ ಚಿಟಿಕೆ ಗಂಧಕ ಇಸಿದುಕೊಂಡು ಕೆಂಡಕ್ಕೆ ಹಾಕಿದೆ. ಅದೂ ನೀಲಿಯಾಗಿಯೇ ಉರಿಯಿತು. ಮರುಕ್ಷಣ ತಾಡಪಾಲು ಹಿಡಿದವರೆಲ್ಲ ಅದನ್ನು ಕೈಬಿಟ್ಟು, ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಅಂಗಳದ ತುಂಬ ಓಡಿದರು. ಆಗ ಹಸಿರು ಕೇಳಿದ್ದಾಕೆ, ‘ಯವ್ವಾ, ಮಾಸ್ತರ್ರು ನಮ್ಮನ್ನೂ ಮಣೂಕ ಮಾಡತಾರ’ ಎಂದು ಕೂಗಿದಳು. ಎಲ್ಲರೂ ನಕ್ಕರು. ಗಂಗವ್ವ ನಗಲಿಲ್ಲ. ಕೆಮ್ಮು ನಿಂತ ಮೇಲೆ ಅವತ್ತು ಒಳಗಿದ್ದ ಹೆಂಗಸರ ಕಡೆ ತಿರುಗಿ, ‘ಅವತ್ತ ಹಿಂಗಾಗಿತ್ತೇನ್ರೇ ನಿಮಗ?’ ಎಂದು ಕೇಳಿದಳು. ಆಗಿರಲಿಲ್ಲ ಎಂದರು. ಆಕೆ ಬಹಳ ಹೊತ್ತು ಮಹಾದೇವಿಯನ್ನು ನೋಡುತ್ತ ನಿಂತಳು.

ನಾನು ಹೇಳಬೇಕಾದದ್ದನ್ನು ಹೇಳಿದೆ. ನೀಲಿಯಾಗಿ ಉರಿಯುವುದು ಕೆಂಡದಿಂದ ಬರುವ ವಿಷಾನಿಲ. ಉರಿದುಹೋದ ಭಾಗ ಕಣ್ಣಿಗೆ ಕಾಣುತ್ತದೆ. ಉರಿಯದೆ ಉಳಿದ ಭಾಗ ಕಾಣದೆ ಎದೆಯೊಳಗೆ ಹೋಗುತ್ತದೆ. ಹೊಗೆ ನಿಂತ ಮೇಲೆ ಒಳಗೆ ಒಯ್ದರೂ ಅದು ನಿಲ್ಲುವುದಿಲ್ಲ.

ಅಪ್ಪಾಸಾಹೇಬರು ತಲೆ ತಗ್ಗಿಸಿ ಕೇಳಿದರು. ಮಹಾದೇವಿಯ ಕಡೆ ತಿರುಗಿ, ‘ನಿಂದೇನ ತಪ್ಪಿಲ್ಲ ಬೇ’ ಎಂದರು. ಆಮೇಲೆ ಬಲೆಗಳ ಕಡೆ ನೋಡಿ, ಆಕಾಶದ ಕಡೆ ನೋಡಿ, ‘ಇವತ್ತೊಂದು ದಿನಾ. ತಾಡಪಾಲ ಒಂದ ಬಾಜು ಸ್ವಲ್ಪ ಎತ್ತೇ ಇಡೂಣು. ಎರಡ ಶೇಗಡಿ ಸಾಕು. ಇಲ್ಲಂದ್ರ ಪೂರಾ ಮಾಲ ಕರ್ರಗ ಆಗತೈತ್ರಿ’ ಎಂದರು. ಬೇಡಿಕೊಳ್ಳುವ ದನಿ ಅದು. ಕೂಲಿಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಬುತ್ತಿ ಎತ್ತಿಕೊಂಡು ಒಳಗೆ ಹೋದರು. ಉಳಿದವರೂ ಹಿಂದೆ ನಡೆದರು. ಅಷ್ಟೆಲ್ಲ ತೋರಿಸಿದ ಮೇಲೂ ಅವರು ಒಳಗೆ ಹೋಗಿ ಕುಳಿತದ್ದನ್ನು ನಾನು ಕಣ್ಣಾರೆ ನೋಡಿದೆ. ಕೆಂಡ ತುಂಬಿದ ಶೇಗಡಿಗಳನ್ನು ಎತ್ತಲು ಆಳು ಬಗ್ಗಿದ.

ಗಂಗವ್ವ ತೊಟ್ಟಿಯಿಂದ ಕೊಡ ತುಂಬಿಕೊಂಡು ಬಂದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಆಳನ್ನು ಪಕ್ಕಕ್ಕೆ ತಳ್ಳಿ ಎರಡೂ ಶೇಗಡಿಗಳ ಮೇಲೆ ಸುರಿದುಬಿಟ್ಟಳು. ಚುಂಯ್ ಎಂದು ಬೂದಿ ಬೆರೆತ ಬಿಳಿ ಉಗಿ ಬಾಗಿಲ ತುಂಬ ಎದ್ದಿತು.

‘ಈಗ ಕಾಣತೈತಿಲ್ಲೋ?’ ಎಂದು ಒಳಗಿನವರಿಗೆ ಕೂಗಿದಳು. ‘ಕಾಣದಿದ್ರ ಹೊರಗ ಬರಾಂಗಿಲ್ಲೇನ್ರೇ ನೀವು? ಏಳ್ರಿ! ನನ್ನ ಮನ್ಯಾಗ ಒಬ್ಬಾಕಿ ಬಿದ್ದದ್ದು ಸಾಲದೇನು?’

ಅಪ್ಪಾಸಾಹೇಬರು ಬೈಯಲಿಲ್ಲ. ತಾವೇ ಹೋಗಿ ತಾಡಪಾಲಿನ ಹಗ್ಗ ಬಿಚ್ಚತೊಡಗಿದರು. ಆ ಸಲದ ಅವರ ಮಣೂಕ ಬಹುಪಾಲು ಕಪ್ಪಾಯಿತು ಎಂದು ಕೇಳಿದೆ. ನಾನು ಹೋಗಿ ನೋಡಲಿಲ್ಲ.

ಹಿರಿಯರು ಅವತ್ತು ಕೂಡಲಿಲ್ಲ. ರೇಣುಕಾ ಶಾಲೆಗೆ ಬಂದಳು, ಪರೀಕ್ಷೆ ಬರೆದಳು. ಸುವರ್ಣಾ ಮನೆಗೆ ಬಂದಳು. ಮಾತು ನಿಧಾನವಾಗಿದೆ, ಹಾಲು ಕಾಯಲು ಇಟ್ಟದ್ದು ಮರೆಯುತ್ತಾಳೆ, ತನ್ನ ತವರಿನವರ ಹೆಸರು ಹುಡುಕುತ್ತಾಳೆ ಎಂದು ಗಂಗವ್ವ ಒಮ್ಮೆ ಸಿಕ್ಕಾಗ ಹೇಳಿದಳು. ಕೆಲವರಿಗೆ ಹಾಗೆ ಉಳಿಯುತ್ತದೆ, ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದು ವೈದ್ಯೆ ನನಗೆ ಹೇಳಿದ್ದರು. ನಾನು ಗಂಗವ್ವನಿಗೆ ಎರಡನೆಯದನ್ನು ಮಾತ್ರ ಹೇಳಿದೆ.

ಮಹಾದೇವಿ ಮರುವರ್ಷ ಬಬಲೇಶ್ವರದ ಕಡೆಯ ಶೆಡ್ಡಿಗೆ ಕೆಲಸಕ್ಕೆ ಹೋದಳು. ಊರಿನಲ್ಲಿ ಯಾರೂ ಆಕೆಯ ಕ್ಷಮೆ ಕೇಳಲಿಲ್ಲ. ಗಂಗವ್ವ ಮಾತ್ರ ಒಂದು ದಿನ ಮಹಾದೇವಿಯ ತಲೆಬಾಗಿಲಿಗೆ ಬಂದು, ‘ನಾ ಕಂಡದ್ದ ಹೇಳಿದ್ನಿ, ಸುಳ್ಳ ಹೇಳಿಲ್ಲ’ ಎಂದು ಹೇಳಿ, ಚಹಾ ಕುಡಿದು ಹೋದಳಂತೆ. ಮಹಾದೇವಿಗೆ ಅಷ್ಟು ಸಾಕಾಯಿತೋ ಇಲ್ಲವೋ ತಿಳಿಯದು. ನಾನು ಕೇಳಿದಾಗ, ‘ಖರೇ ಏನಂತ ತಲಿಗಿ ಗೊತ್ತಾಗೇತ್ರಿ ಸರ್. ಎದಿಗಿ ಹೋಗಿ ಮುಟ್ಟಾಕ ಇನ್ನೂ ಹೊತ್ತ ಬೇಕು’ ಎಂದಳು.

ಗಂಗವ್ವನ ಮಾತು ಸರಿ. ಆಕೆಯ ಕಣ್ಣು ಸುಳ್ಳು ಹೇಳಿರಲಿಲ್ಲ. ಕಂಡದ್ದಕ್ಕೆ ಆಕೆ ಹೆಸರಿಟ್ಟದ್ದು ಅವಸರದಲ್ಲಿ, ಸಂಕಟದಲ್ಲಿ. ಆ ಹೆಸರು ಊರಿಗೆ ಒಪ್ಪಿಗೆಯಾಯಿತು, ಏಕೆಂದರೆ ಅದರ ಜೊತೆಗೆ ಒಬ್ಬ ತಪ್ಪಿತಸ್ಥೆಯೂ ಸಿಕ್ಕಳು. ನನ್ನ ಸೇವೆಯ ಉಳಿದ ವರ್ಷಗಳಲ್ಲಿ ದಹನದ ಪಾಠ ಮಾಡುವಾಗ ಮಕ್ಕಳಿಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುತ್ತಿದ್ದೆ: ಏನು ಕಂಡಿರಿ? ಅದು ಏನಿರಬಹುದು? ಮೊದಲನೆಯದಕ್ಕೆ ಅವರು ಥಟ್ಟನೆ ಉತ್ತರಿಸುತ್ತಿದ್ದರು. ಎರಡನೆಯದಕ್ಕೆ ಕಡಿಮೆಯೆಂದರೂ ಎರಡು ಉತ್ತರ ಬರುವವರೆಗೆ ನಾನು ಮುಂದಕ್ಕೆ ಹೋಗುತ್ತಿರಲಿಲ್ಲ. ಹಲವರಿಗೆ ಬೇಸರ ಬರುತ್ತಿತ್ತು.

ಆದರೆ ಅಂಗಳದಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡ ಹೆಂಗಸರು ಮತ್ತೆ ಒಳಗೆ ಹೋಗಿ ಕುಳಿತರಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ತಿಳಿದ ಮಾತ್ರಕ್ಕೆ ಯಾರೂ ಎದ್ದು ಹೊರಗೆ ಬರುವುದಿಲ್ಲ. ಆದ್ದರಿಂದ ಪಾಠದ ಕೊನೆಗೆ ಪಠ್ಯದಲ್ಲಿಲ್ಲದ ಒಂದು ಮಾತನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತಿದ್ದೆ, ಮನೆಯಲ್ಲಿಯೂ ಹೇಳಿರೆಂದು ಕಳಿಸುತ್ತಿದ್ದೆ. ಮುಚ್ಚಿದ ಜಾಗದಲ್ಲಿ ಕೆಂಡವಿದ್ದು ತಲೆ ಭಾರವಾದರೆ ಮೊದಲು ಹೊರಗೆ ಬನ್ನಿ. ಕಾರಣವನ್ನು ಹೊರಗೆ ನಿಂತು ಹುಡುಕಬಹುದು.